ಬಜರ್ ಇಲ್ಲದ ಮೀಟರ್

ಗಲ್ಫಿನ ಜಿಂಜ್‌ನಲ್ಲಿ ಪ್ರಫುಲ್ಲಕ್ಕನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಇದ್ದದ್ದು ನಾನು, ಹಂಝ ಇಬ್ಬರೇ. ಮದರ್‌ಬೋರ್ಡಿನ ಸರ್ಕ್ಯೂಟ್ ನಕ್ಷೆ ನಮಗೆ ಸಿಗುತ್ತಿರಲಿಲ್ಲ. ಬೋರ್ಡಿನ ಮೇಲೆ ಮೀಟರಿನ ಪ್ರೋಬ್ ಒಂದೊಂದೇ ಕಡೆ ಊರಿ ಶಾರ್ಟ್ ಸರ್ಕ್ಯೂಟ್ ಆದ ಜಾಗ ಹುಡುಕಬೇಕು. ಶಾರ್ಟ್ ಸಿಕ್ಕರೆ ಸದ್ದು ಮಾಡಬೇಕಾದ ನಮ್ಮ ಮೀಟರಿನ ಬಜರ್ ಕೆಟ್ಟಿತ್ತು. ಹಾಗಾಗಿ ನಾನು ಪ್ರೋಬ್ ಊರುತ್ತಿದ್ದೆ, ಹಂಝ ಅಂಕಿ ನೋಡಿ, ಶಾರ್ಟ್ ಸಿಕ್ಕಿದ ಕೂಡಲೇ ಬಾಯಲ್ಲೇ "ಪೀಂ" ಅನ್ನುತ್ತಿದ್ದ.

ಒಮ್ಮೆ ನಾನು ಸುಟ್ಟ ಬೋರ್ಡನ್ನು ಹಂಝ ಸುಟ್ಟದ್ದೆಂದು ಅಕ್ಕನಿಗೆ ಹೇಳಿದೆ. ಅವನ ಕೆಲಸ ಹೋಯಿತು. ಊರಾಚೆ ಅಸ್ಕರ್‌ನಲ್ಲಿ ಬಿಸಿಲಿನ ಕೆಲಸಕ್ಕೆ ಸೇರಿದವನು ಆಗಸ್ಟಿನ ಸುಡುಬಿಸಿಲಿಗೆ ಕುಸಿದು ಸತ್ತ. ದಫನಕ್ಕೆ ಹೋಗಿ ಬಂದೆ. ಅವನು ಸತ್ತದ್ದನ್ನು ಅಕ್ಕನಿಗೆ ತಿಳಿಸುವ ಧೈರ್ಯ ಬರಲಿಲ್ಲ.

ಮರುವಾರ ಮಧ್ಯಾಹ್ನ ಒಬ್ಬನೇ ಪ್ರೋಬ್ ಊರಿದೆ. ಕಿವಿಯ ಹಿಂದೆ "ಪೀಂ" ಅಂತು. ಹಳೆಯ ಅಭ್ಯಾಸ, ಅಂಕಿ ನೋಡದೆ ಆ ಚಿಪ್ ಕಿತ್ತೆ. ಚಿಪ್ ಸರಿಯಾಗಿಯೇ ಇತ್ತು, ಬೋರ್ಡು ಹಾಳಾಯಿತು. ಹೀಗೆ ಮೂರು ಬೋರ್ಡು. ಎಸಿ ಹದಿನೆಂಟರಲ್ಲಿದ್ದರೂ ಪ್ರತಿ ಸಲ ಕತ್ತಿನ ಮೇಲೆ ಬಿಸಿಯುಸಿರು.

ಕೊನೆಗೆ ಒಪ್ಪಿಕೊಂಡೆ. "ಅಕ್ಕಾ, ಅವತ್ತು ಬೋರ್ಡ್ ಸುಟ್ಟದ್ದು ನಾನು."

"ಗೊತ್ತುಂಟು ಮಾರಾಯ. ನಿನ್ನೆ ಹಂಝ ಫೋನ್ ಮಾಡಿ ಹೇಳಿದ."

"ಅಕ್ಕಾ, ಅವ ಸತ್ತು ತಿಂಗಳಾಯ್ತು!"

"ಇನ್ನೂ ಸುಳ್ಳು ಬಿಡ್ಲಿಲ್ವಾ ನೀನು? ನಾಳೆಯಿಂದ ನಿನ್ನ ಜಾಗಕ್ಕೆ ಅವ ಬರ್ತಾನೆ. ನೀನು ಊರಿಗೆ ಹೋಗು."

ನನ್ನ ವೀಸಾ ರದ್ದಾಯಿತು. ಈಗ ಉಡುಪಿಯಲ್ಲಿದ್ದೇನೆ. ಹೋದ ವಾರ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿ, ಹೊಸಬ ಹೇಗೆ ಎಂದು ಕೇಳಿದೆ.

"ಹಂಝನಾ? ಭಾರಿ ಕೆಲಸಗಾರ ಮಾರಾಯ. ಊಟಕ್ಕೂ ಏಳುದಿಲ್ಲ."