ಸವಾರಪ್ಪನ ಕುದುರೆಗೆ ನೆನೆಸಿದ ಹುರುಳಿ

ಮೇ ತಿಂಗಳ ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಲಕ್ಕೂರು ಕಡೆಯ ರೈತ ಕೋದಂಡರಾಮಪ್ಪ ಏದುಸಿರು ಬಿಡುತ್ತ ಮಾಲೂರಿನ ಠಾಣೆಗೆ ಬಂದು ಸಬ್ ಇನ್‌ಸ್ಪೆಕ್ಟರ್ ರಮಾದೇವಿಯ ಮೇಜಿನ ಮುಂದೆ ನಿಂತರು.

"ನಮ್ ತಾತನ್ನ ಕದ್ಬಿಟ್ಟವ್ರೆ ಮೇಡಂ."

"ತಾತನಿಗೆ ಎಷ್ಟು ವಯಸ್ಸು?"

"ತೀರ್ಕೊಂಡೇ ನೂರಿಪ್ಪತ್ತು ವರ್ಷದ ಮೇಲಾಯ್ತು."

ಹೆಡ್ ಕಾನ್‌ಸ್ಟೇಬಲ್ ಕದಿರೇಶ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ. ರಮಾದೇವಿ ನಗಲಿಲ್ಲ. ಕುರ್ಚಿ ತೋರಿಸಿ, ನೀರು ಕೊಡಿಸಿ, ಒಂದೊಂದಾಗಿ ಕೇಳಿ ಬರೆದುಕೊಂಡಳು.

ಕಳುವಾದದ್ದು ಒಂದು ಕಲ್ಲು. ಮೊಣಕಾಲೆತ್ತರ, ಮೇಲೆ ಕುದುರೆಯೇರಿದ ಸವಾರನ ಕೆತ್ತನೆ. ಮೈಸೂರು ಸಂಸ್ಥಾನದ ಕುದುರೆ ಪಡೆಯಲ್ಲಿ ಸ್ವಂತ ಕುದುರೆಯೊಂದಿಗೆ ಚಾಕರಿ ಮಾಡಿ, ಆಮೇಲೆ ಕತ್ತಿ ಕೆಳಗಿಟ್ಟು ರಾಗಿ ಬೆಳೆದ ತಿಮ್ಮರಾಯಪ್ಪ ಎಂಬವನ ಸಮಾಧಿಗಲ್ಲು ಅದು. ಊರವರಿಗೆಲ್ಲ ಅವನು ಸವಾರಪ್ಪ. ಆ ಮನೆತನದಲ್ಲಿ ಯಾರದೇ ಮದುವೆಯಾಗಲಿ, ಲಗ್ನಪತ್ರಿಕೆಯನ್ನು ಸವಾರಪ್ಪನ ಮುಂದಿಟ್ಟು ಅಪ್ಪಣೆ ಕೇಳಿದ ಮೇಲೆಯೇ ಚಪ್ಪರದ ಕಂಬ ನೆಡಬೇಕು. ಕೋದಂಡರಾಮಪ್ಪನವರ ಮಗಳು ಚಂದನಳ ಮದುವೆ ಬರುವ ಭಾನುವಾರ. ಕಲ್ಲಿಲ್ಲದೆ ಚಪ್ಪರವಿಲ್ಲ, ಚಪ್ಪರವಿಲ್ಲದೆ ಮದುವೆಯಿಲ್ಲ.

"ಯಾರ ಮೇಲಾದರೂ ಅನುಮಾನ?"

"ಪಕ್ಕದ ಹೊಲದ ಮುನೇಶ. ಅವನದೂ ನಮ್ಮದೂ ಬದುವಿನ ತಕರಾರು."

ಎಫ್‌ಐಆರ್ ದಾಖಲಿಸಿ, ಹನ್ನೆರಡಕ್ಕೆ ಜೀಪು ಹೊಲ ಮುಟ್ಟಿತು. ಕದಿರೇಶ ಊರಿನ ಇಬ್ಬರು ಪಂಚರನ್ನು ನಿಲ್ಲಿಸಿ ಸ್ಥಳ ಪಂಚನಾಮೆ ಬರೆಯತೊಡಗಿದ. ಮುನೇಶ ಕರೆಯದೆಯೇ ಬೇಲಿಯ ಆಚೆ ಬಂದು ನಿಂತ.

"ನಂಗ್ಯಾಕ್ ಮೇಡಂ ಅವರ ತಾತ? ಮನೇಲಿರೋ ನಮ್ ತಾತನ್ನ ನೋಡ್ಕೊಳ್ಳೋದ್ರಲ್ಲೇ ನಂಗೆ ಸಾಕ್ಸಾಕಾಗೋಗಿದೆ!"

ರಮಾದೇವಿಗೆ ಆ ಮಾತು ನಿಜವೆನಿಸಿತು. ಅವಳು ಕಲ್ಲು ಕಿತ್ತ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಗುದ್ದಲಿಯ ಏಟು ಎಲ್ಲೂ ಇಲ್ಲ. ಮಣ್ಣನ್ನು ಕೈಯಿಂದ ಬಗೆದು ಪಕ್ಕಕ್ಕೆ ಒಟ್ಟಿದ್ದಾರೆ. ರಸ್ತೆಯವರೆಗೆ ಗೂಡ್ಸ್ ಆಟೋದ ಟೈರಿನ ಗುರುತು. ಗುಂಡಿಯ ಅಂಚಿನಲ್ಲಿ ಒಂದು ಮುತ್ತುಗದ ಎಲೆ, ಎಲೆಯ ಮೇಲೆ ನೆನೆಸಿದ ಹುರುಳಿ, ಮೇಲೊಂದು ಬೆಲ್ಲದ ಅಚ್ಚು.

"ಇದು ನೀವಿಟ್ಟದ್ದಾ?"

"ಅಯ್ಯೋ ಇಲ್ಲ. ನಮ್ದೇನಿದ್ರೂ ಹಣ್ಣು, ಕಾಯಿ."

ಹಿಂದೆ ಕೋಲೂರಿ ನಿಂತಿದ್ದ ಅವರ ತಾಯಿ ಬಚ್ಚಮ್ಮ ಬಾಯಿ ತೆರೆದರು. "ನಮ್ಮತ್ತೆ ಹೇಳ್ತಿದ್ರು ಕಣಮ್ಮ, ಕುದುರೆ ಹೊರಡೋಕ್ ಮುಂಚೆ ಹುರುಳಿ..."

"ಅಮ್ಮಾ, ನೀನ್ ಸುಮ್ಕಿರು!"

ಮಗ ಗದರಿದ ರಭಸಕ್ಕೆ ಬಚ್ಚಮ್ಮ ತುಟಿ ಬಿಗಿದುಕೊಂಡರು. ರಮಾದೇವಿ ಅವರಿಬ್ಬರ ಮುಖವನ್ನೂ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳಕೊಂಡವರೇ ಹೆಗಲು ಮುಟ್ಟಿಕೊಳ್ಳುತ್ತಿದ್ದಾರಲ್ಲ!

ಜೀಪು ಹತ್ತುವಾಗ ಅವಳು ಕದಿರೇಶನಿಗೆ ಹೇಳಿದಳು: "ಹಳೇ ಕಲ್ಲು ಮಾರುವ ಕಳ್ಳ ಕುದುರೆಗೆ ಮೇವು ಹಾಕಿ ಹೋಗಲ್ಲ. ಇದು ಮನೆಯವರದೇ ಕೆಲಸ. ಆದರೆ ಈ ಮನೆಯವರದಲ್ಲ. ಸವಾರಪ್ಪನಿಗೆ ಇನ್ನೊಂದು ಮನೆ ಇರಬೇಕು."

"ಅದನ್ನ ಹೇಳೋಕೆ ಹೆಳವರೇ ಆಗ್ಬೇಕು ಮೇಡಂ. ನಮ್ ಮುಳಬಾಗಿಲ ಕಡೆ ಒಬ್ರವ್ರೆ. ಈ ಮನೆತನ ಅವರ ಪಾಲಿಗೇ ಬರುತ್ತೆ."

ತಮ್ಮ ಪಾಲಿಗೆ ಬಂದ ಮನೆಗಳಿಗೆ ಹೋಗಿ ಆಯಾ ವಂಶದ ಹೆಸರುಗಳನ್ನು ಹಾಡಿ ಹೇಳುವುದು ಹೆಳವರ ಕುಲಕಸುಬು. ಮಂಗಳವಾರ ಮಧ್ಯಾಹ್ನ ಮುಳಬಾಗಿಲ ಹತ್ತಿರದ ಹಳ್ಳಿಯಲ್ಲಿ ಹೆಳವರ ದೊಡ್ಡನಾರಾಯಣಪ್ಪ ಮೀಸೆ ತಿರುವುತ್ತ ಜಗುಲಿಯ ಮೇಲೆ ಕೂತಿದ್ದರು. ಪೊಲೀಸರು ತಮ್ಮ ಹಾಡು ಕೇಳಲು ಬಂದದ್ದಕ್ಕೆ ಅವರಿಗೆ ಎಲ್ಲಿಲ್ಲದ ಜಂಬ.

"ಚೆಪ್ಪು ತಾತಾ, ಸವಾರಪ್ಪನ ಕತೆ," ಎಂದ ಕದಿರೇಶ ತೆಲುಗು ಬೆರೆಸಿ.

ತಾತ ಗಂಟಲು ಸರಿಮಾಡಿಕೊಂಡು ರಾಗ ಎಳೆದರು. ಚಾಕರಿ ಬಿಟ್ಟು ಬಂದ ಸವಾರ ಎತ್ತು ಸಿಗದೆ ಯುದ್ಧದ ಕುದುರೆಯನ್ನೇ ನೇಗಿಲಿಗೆ ಕಟ್ಟಿದ. ಊರೆಲ್ಲ ನಕ್ಕಿತು, ರಾಗಿ ಮಾತ್ರ ಎದೆಯೆತ್ತರ ಬಂತು. ಲಕ್ಕೂರು ಕಡೆ ಹಿರಿಯ ಹೆಂಡತಿ. ಶ್ರೀನಿವಾಸಪುರಕ್ಕೆ ರಾಗಿ ಮಾರಲು ಹೋದವನು ಅಲ್ಲಿ ಅಕ್ಕಮ್ಮನನ್ನು ಕಟ್ಟಿಕೊಂಡ.

"ಕಟ್ಕೊಂಡಿದ್ದಾ, ಇಟ್ಕೊಂಡಿದ್ದಾ?" ರಮಾದೇವಿ ನೇರವಾಗಿ ಕೇಳಿದಳು.

"ತಾಳಿ ಕಟ್ಟಿ! ಹಸೆಮಣೆ ಮೇಲೆ! ಅಲ್ಲಿಂದ ಹೊರಡೋವಾಗ ಅಕ್ಕಮ್ಮ ಸೆರಗಲ್ಲಿ ಹುರುಳಿ ಹಿಡಿದು ಕುದುರೆಗೆ ತಿನ್ನಿಸೋಳು. ಅದು ತಿನ್ನದೆ ಇವನು ಹತ್ತುತಿರ್ಲಿಲ್ಲ."

"ಲಕ್ಕೂರಲ್ಲಿ ಇದನ್ನ ಹಾಡ್ತೀರಾ?"

ತಾತನ ರಾಗ ಇಳಿಯಿತು. "ಆ ಕವಲು ಹಾಡ್ಬೇಡ ಅಂದ್ಬಿಟ್ರು ಕೋದಂಡರಾಮಪ್ಪ. ಬಿಟ್ಟು ಹಾಡ್ತೀನಿ. ಹೊಟ್ಟೆ ಉರಿಯುತ್ತೆ ತಾಯಿ."

ಅಕ್ಕಮ್ಮನ ಕವಲಿನವರು ಈಗ ಯಾರು ಎಂದು ಕೇಳಿದ್ದಕ್ಕೆ ತಾತ ಊರನ್ನೂ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ಬುಧವಾರ ಬೆಳಗ್ಗೆ ಶ್ರೀನಿವಾಸಪುರದ ಆಚೆ, ತಾತ ಹೇಳಿದ ಊರಿನ ಮಾವಿನ ತೋಪಿನಲ್ಲಿ ಹೊಸ ಚಪ್ಪರದ ತೆಂಗಿನ ಗರಿ ಇನ್ನೂ ಹಸಿರಾಗಿತ್ತು. ಪಕ್ಕದಲ್ಲಿ ಗೂಡ್ಸ್ ಆಟೋ. ಚಪ್ಪರದ ಮೂಲೆಯಲ್ಲಿ, ಮಡಿಚಿದ ಕಂಬಳಿಯ ಮೇಲೆ ಸವಾರಪ್ಪ ಕೂತಿದ್ದ, ಕೊರಳಲ್ಲಿ ಕನಕಾಂಬರ.

ಮನೆಯ ಯಜಮಾನಿ ಶಾಮಲಮ್ಮ ಕೈ ಒರೆಸಿಕೊಳ್ಳುತ್ತ ಬಂದರು. ಓಡಲಿಲ್ಲ, ಅಳಲಿಲ್ಲ.

"ಕಲ್ಲು ತಂದವರು ಯಾರು?"

"ನಾನೇ. ನನ್ ತಮ್ಮ ಮುನಿಕೃಷ್ಣಪ್ಪ ಆಟೋ ಓಡ್ಸಿದ. ನಾನ್ ಹೇಳ್ದೆ, ಅವನು ಬಂದ. ತಪ್ಪು ನಂದು."

"ಯಾಕೆ?"

"ಮೊಮ್ಮಗಳು ಮೇಘನಳ ಮದುವೆ, ನಾಳೆ. ಹೋದ ತಿಂಗಳು ಪತ್ರಿಕೆ ತಗೊಂಡು ಲಕ್ಕೂರಿಗೆ ಹೋಗಿದ್ದೆ. ಅವನ ಮುಂದೆ ಇಟ್ಟು ಕೈಮುಗಿದು ಬರ್ತೀನಿ, ನಿಮ್ಮನೆ ನೀರೂ ಬೇಡ ಅಂದೆ. ಕೋದಂಡರಾಮಪ್ಪ ಪತ್ರಿಕೆ ಕಿತ್ಕೊಂಡು ಬದುವಿಂದಾಚೆ ಎಸೆದ. ಇಟ್ಕೊಂಡೋಳ ಪೈಕಿಗೆಲ್ಲ ಇಲ್ಲೇನು ಕೆಲಸ ಅಂದ." ಅವರು ಬಾಗಿಲ ಕಡೆ ನೋಡಿದರು. "ಕೂಸಿನ ಮುಂದೆ ಅಂದ್ಬಿಟ್ಟ ಮೇಡಂ. ಮೇಘನ ಪಕ್ಕದಲ್ಲೇ ನಿಂತಿದ್ಲು. ಅವನು ಬಿಡದಿದ್ರೆ ನಮ್ಮಜ್ಜನ್ನೇ ಕರ್ಕೊಂಡ್ ಬರ್ತೀನಿ ಅಂದ್ಕೊಂಡೆ. ನಾಡಿದ್ದು ವಾಪಸ್ ಬಿಡ್ತಿದ್ದೆ."

ಆದರೂ ಕಳವು ಕಳವೇ. ಜಪ್ತಿ ಪಂಚನಾಮೆ ಆಯಿತು, ಕಲ್ಲಿಗೆ ಚೀಟಿ ಅಂಟಿತು, ಅಕ್ಕ ತಮ್ಮ ಇಬ್ಬರ ದಸ್ತಗಿರಿ ಆಯಿತು. ಬಾಗಿಲಲ್ಲಿ ಮೇಘನ ಅರಿಶಿನದ ಕೈಯಲ್ಲೇ ನಿಂತು ಬಿಕ್ಕುತ್ತಿದ್ದಳು.

"ಸಂಜೆಯೊಳಗೆ ಜಾಮೀನು ಸಿಗುತ್ತೆ ಕಣಮ್ಮ. ನಾಳೆ ಧಾರೆಗೆ ಅಜ್ಜಿ ಇರ್ತಾರೆ," ಎಂದಳು ರಮಾದೇವಿ.

ಕಾನ್‌ಸ್ಟೇಬಲ್‌ಗಳು ಕಲ್ಲಿಗೆ ಕೈ ಹಾಕಿದಾಗ ಶಾಮಲಮ್ಮ ಅಡ್ಡ ಬಂದರು. "ಒಂದ್ನಿಮಿಷ. ಹೊರಡೋ ಕುದುರೆ ಅದು."

ಒಳಗಿಂದ ನೆನೆಸಿದ ಹುರುಳಿ ಬಂತು. ಅವರು ಸೆರಗಿನಲ್ಲಿ ಹಿಡಿದು ಕಲ್ಲುಕುದುರೆಯ ಬಾಯಿಗೆ ಮುಟ್ಟಿಸುವವರೆಗೂ ಇಡೀ ಪೊಲೀಸ್ ಪಡೆ ಕಾದು ನಿಂತಿತು.

ಮಧ್ಯಾಹ್ನ ಕಲ್ಲು ಮಾಲೂರು ಠಾಣೆಯ ಜಗುಲಿಗೆ ಬಂತು. ಕೋರ್ಟಿನ ಅಪ್ಪಣೆ ಬರುವವರೆಗೆ ಅದು ಅಲ್ಲೇ. ಸುದ್ದಿ ತಿಳಿದ ಕೋದಂಡರಾಮಪ್ಪ ತಾಯಿಯೊಂದಿಗೆ ಓಡಿಬಂದು, ಚಂದನಳ ಲಗ್ನಪತ್ರಿಕೆ ಇಡಲು ಬಗ್ಗಿದರು. ಅಲ್ಲಿ ಆಗಲೇ ಮೇಘನಳ ಪತ್ರಿಕೆ ಇತ್ತು. ಪಕ್ಕದ ಬೆಂಚಿನಲ್ಲಿ ಶಾಮಲಮ್ಮ ಜಾಮೀನಿಗೆ ಕಾಯುತ್ತ ಕೂತಿದ್ದರು. ಕೋದಂಡರಾಮಪ್ಪ ಆ ಪತ್ರಿಕೆಯನ್ನು ಎತ್ತಿ ಎಸೆಯಲು ಕೈ ಚಾಚಿದರು.

ಬಚ್ಚಮ್ಮನ ಕೋಲು ಮಗನ ಮಣಿಕಟ್ಟಿನ ಮೇಲೆ ಬಿತ್ತು.

"ಮುಟ್ಟಿದ್ರೆ ನೋಡು! ನಮ್ಮತ್ತೆ ಹೇಳ್ತಿದ್ರು, ಅವನಿಗೆ ಎರಡು ಮನೆ ಅಂತ. ನಿನ್ ಮರ್ಯಾದೆಗೆ ಹೆದರಿ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ." ಆಮೇಲೆ ಬೆಂಚಿನ ಕಡೆ ತಿರುಗಿದರು. "ಏನವ್ವಾ ಶಾಮಲಾ, ನಾಳೆ ಧಾರೆ ಎಷ್ಟೊತ್ತಿಗೆ? ನಾನ್ ಬರ್ತೀನಿ."

ಶಾಮಲಮ್ಮ ಬಾಯಿಗೆ ಸೆರಗು ಒತ್ತಿ ಅತ್ತುಬಿಟ್ಟರು. ಕೋದಂಡರಾಮಪ್ಪ ಚಾಚಿದ ಕೈಯನ್ನು ಹಿಂತೆಗೆದು, ಮಗಳ ಪತ್ರಿಕೆಯನ್ನು ಮೇಘನಳ ಪತ್ರಿಕೆಯ ಪಕ್ಕಕ್ಕೆ ಇಟ್ಟು ಕೈಮುಗಿದರು.

ರಮಾದೇವಿ ಒಳಗೆ ಹೋಗಿ ಕೇಸ್ ಡೈರಿ ತೆಗೆದಳು. ಕೃತ್ಯಕ್ಕೆ ಕಾರಣ ಎಂಬಲ್ಲಿ ಹೀಗೆ ಬರೆದಳು: ಆರೋಪಿತೆಯು ಮೊಮ್ಮಗಳ ಲಗ್ನಪತ್ರಿಕೆ ಇಡಲು ತನ್ನ ಹಿರಿಯನ ಮುಂದೆ ಒಂದು ಗೇಣು ಜಾಗ ಕೇಳಿದ್ದು, ಅದನ್ನು ನಿರಾಕರಿಸಲಾಗಿರುತ್ತದೆ.