ನಾಲ್ಕನೇ ಮೈಲಿಗಲ್ಲು

ಟಾಫಿ ಕಾಲೆತ್ತಲು ಜಾಗ ಸಿಗದೆ ಒದ್ದಾಡುತ್ತಿತ್ತು.

ದಿನಾ ಬೆಳಿಗ್ಗೆ ಅದು ಕಾಲೆತ್ತುವುದು ಒಂದೇ ಕಡೆ. ಆಕ್ಸ್‌ಲಿ ಬಂಗಲೆಗೆ ಹೋಗುವ ನೇರ ದಾರಿಯಲ್ಲಿ, ಸಾಲುಮರಗಳ ನಡುವೆ ತುಸು ವಾಲಿ ನಿಂತ ಮೈಲಿಗಲ್ಲಿಗೆ. ‘ಮಾರ್ಟನ್ 4 ಮೈಲಿ’ ಎಂದು ಕೆತ್ತಿದ ಕಲ್ಲು. ಈ ಶುಕ್ರವಾರ ನಾಯಿ ಎಷ್ಟು ಮೂಸಿದರೂ ಕಲ್ಲೇ ಇಲ್ಲ.

ಟಾಫಿಯ ಒಡತಿ ಹೆಸ್ಟರ್ ಪ್ಯೂ ನಿಂತಲ್ಲೇ ನಿಂತಳು. ಪೊಲೀಸ್ ಸಾರ್ಜೆಂಟ್ ಆಗಿದ್ದು ನಿವೃತ್ತಳಾದವಳು. ಕಳುವಾದ ಕುರಿ, ಕಳುವಾದ ಟ್ರ್ಯಾಕ್ಟರ್, ಒಮ್ಮೆ ಚರ್ಚಿನ ಚಾವಣಿಯ ಸೀಸದ ಹಾಳೆ, ಎಲ್ಲ ನೋಡಿದ್ದಳು. ಇಂಥದ್ದನ್ನು ನೋಡಿರಲಿಲ್ಲ. ಕಲ್ಲು ಹೋಯಿತು, ಸರಿ. ಗುಂಡಿ ಎಲ್ಲಿ?

ಗುಂಡಿಯೂ ಇರಲಿಲ್ಲ. ಅಲ್ಲಿ ಕಲ್ಲು ನಿಂತೇ ಇರಲಿಲ್ಲವೇನೋ ಎಂಬಂತೆ ಹುಲ್ಲು ಸಮವಾಗಿ ಹಾಸಿತ್ತು. ಹೆಸ್ಟರ್ ಮಂಡಿಯೂರಿ ಅಂಗೈಯಿಂದ ಸವರಿದಳು. ಹುಲ್ಲನ್ನು ಬೇರುಸಮೇತ ಚೌಕ ಚೌಕವಾಗಿ ಕತ್ತರಿಸಿ, ಎತ್ತಿಟ್ಟು, ಮತ್ತೆ ಕೂರಿಸಿದ್ದರು. ಸುತ್ತ ಒಂದು ಹಿಡಿ ಮಣ್ಣೂ ಚೆಲ್ಲಿರಲಿಲ್ಲ. ಸ್ವಲ್ಪ ದೂರದಲ್ಲಿ ಮೂರು ಕಡೆ ನೆಲ ತಗ್ಗಾಗಿತ್ತು.

‘ಮುಕ್ಕಾಲಿ ನಿಲ್ಲಿಸಿ ರಾಟೆಯಿಂದ ಎತ್ತಿದಾರೆ,’ ಎಂದು ನಾಯಿಗೆ ಹೇಳಿದಳು.

ಬಂಗಲೆಯ ಈಗಿನ ಮಾಲೀಕ ಡೆಸ್ಮಂಡ್ ಕ್ರೇಕ್ ಚಪ್ಪಲಿಯಲ್ಲೇ ಓಡಿಬಂದ. ಕ್ಯಾರವಾನ್ ಮಾರಿ ದುಡ್ಡು ಮಾಡಿದ ಆಸಾಮಿ. ಊರಿನ ಹಳೇ ಮನೆತನದವರು ಅವನನ್ನು ಇನ್ನೂ ಊರಿನವನೆಂದು ಲೆಕ್ಕಕ್ಕಿಟ್ಟಿರಲಿಲ್ಲ.

‘ಅಯ್ಯೋ, ನಾಳೆ ಕ್ರೇನ್ ಬರುತ್ತೆ ಕಣ್ರೀ! ವಾಲಿದ ಕಲ್ಲನ್ನ ಮೇಲೆತ್ತಿ ಹೊಸ ಪೀಠದ ಮೇಲೆ ಕೂರ್ಸೋಣ ಅಂತ. ಭಾನುವಾರ ಫಲಕ ಅನಾವರಣ. ಈಗ ಊರೆಲ್ಲ ನನ್ನೇ ಕಳ್ಳ ಅನ್ನುತ್ತೆ.’

‘ನೀವೇ ತೆಗ್ಸಿದ್ರಾ?’

‘ನನ್ ಕಲ್ಲನ್ನ ನಾನೇ ಯಾಕ್ರೀ ಕದೀಲಿ?’

‘ಸುಮ್ನೆ ಕೇಳ್ದೆ. ಹಳೇ ಚಾಳಿ,’ ಎಂದಳು ಹೆಸ್ಟರ್.

* * *

ಚರ್ಚಿನ ಹಾಲ್‌ನಲ್ಲಿ ವಿಥಿಬ್ರಿಜ್ ಊರಿನ ಇತಿಹಾಸ ಸಂಘ ತುರ್ತಾಗಿ ಸೇರಿತು. ಹಳೇ ಅವಶೇಷ ಅಗೆದು ಹುಡುಕುವ ಈ ಸಂಘ ಎಂದರೆ ನಾಲ್ಕೇ ಜನ. ಅಧ್ಯಕ್ಷ ಆಬ್ರಿ ಲೈಲ್, ನಿವೃತ್ತ ಇತಿಹಾಸದ ಮೇಷ್ಟ್ರು. ಒಂದು ಕಾಲಕ್ಕೆ ಆಕ್ಸ್‌ಲಿ ಬಂಗಲೆ ಅವರ ಮನೆತನದ್ದೇ. ನೆವಿಲ್ ಬ್ರೀಮ್, ಹಳೇ ಕಾರುಗಳ ಹುಚ್ಚ. ಐರಿಸ್ ಮ್ಯಾಡಕ್, ಊರುಗೋಲು ಹಿಡಿದ ಎಂಬತ್ತು ದಾಟಿದ ಹೆಂಗಸು. ನಾಲ್ಕನೆಯವಳು ಹೆಸ್ಟರ್.

ಆ ಕಲ್ಲಿಗೂ ಐರಿಸ್‌ಗೂ ಹಳೇ ಲೆಕ್ಕವಿತ್ತು. 1908ರಲ್ಲಿ ಬಂಗಲೆಯ ಯಜಮಾನ, ಆಬ್ರಿಯವರ ಅಜ್ಜ ಲೈಲ್, ತನ್ನ ಜಮೀನಿನಲ್ಲಿ ಬೆಟ್ಟ ಹತ್ತುವ ಕಾರು ಪಂದ್ಯ ಇಟ್ಟಿದ್ದ. ಅವನ ಕಾರನ್ನು ಓಡಿಸಿದವನು ಅವನದೇ ಚಾಲಕ ಜೆಮ್ ಮ್ಯಾಡಕ್, ಐರಿಸ್‌ರ ಅಜ್ಜ. ನಾಲ್ಕನೇ ಮೈಲಿಗಲ್ಲಿನ ಹತ್ತಿರ ಕಾರು ಮಗುಚಿ ಜೆಮ್ ಸತ್ತ. ಕುಡಿದಿದ್ದ ಎಂದ ಯಜಮಾನ. ಜೆಮ್‌ನ ಹೆಂಡತಿಯನ್ನು ಹಸುಗೂಸಿನ ಸಮೇತ ಜಮೀನಿನ ಮನೆಯಿಂದ ಹೊರಗೆ ಹಾಕಿದ. ಕಂಡವರೆಲ್ಲ ಸತ್ತುಹೋದ ಮೇಲೆ ಸಾಕ್ಷಿ ಹೇಳಲು ಉಳಿದದ್ದು ಕಲ್ಲೊಂದೇ. ಅದೋ, ನೇರ ದಾರಿಯಲ್ಲಿ ನಿಂತಿತ್ತು. ನೇರ ದಾರಿಯಲ್ಲಿ ಕಾರು ಮಗುಚಬೇಕಾದರೆ ಕುಡಿಯದೆ ಇನ್ನೇನು?

ಭಾನುವಾರದ ಫಲಕದಲ್ಲೂ ಆಬ್ರಿ ಅದನ್ನೇ ಬರೆಸಿದ್ದರು. ‘ಕುಡಿದ ಅಮಲಿನಲ್ಲಿ ಪ್ರಾಣ ಕಳೆದುಕೊಂಡ ಜೆಮ್ ಮ್ಯಾಡಕ್.’ ಅದೊಂದು ಮಾತು ಬಿಟ್ಟುಬಿಡಿ ಎಂದು ಐರಿಸ್ ಗೋಗರೆದಿದ್ದರು. ಇತಿಹಾಸ ಇತಿಹಾಸವೇ ಎಂದಿದ್ದರು ಆಬ್ರಿ.

‘ಕಲ್ಲಿಲ್ದೆ ಫಲಕ ಇಲ್ಲ,’ ಈಗ ಆಬ್ರಿ ಟೀ ಕಲಕುತ್ತ ಹೇಳಿದರು. ‘ಫಲಕ ಯಾರಿಗೆ ಬೇಡವಾಗಿತ್ತು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾಗಿಲ್ಲ.’

ಐರಿಸ್ ಕೇಕಿನ ತಟ್ಟೆ ಕೆಳಗಿಟ್ಟರು. ‘ನನ್ನನ್ನಾ ಹೇಳ್ತಿರೋದು? ಆಬ್ರಿ, ಆ ಕೆಟಲ್ ಎತ್ತೋಕೇ ನಂಗೆ ನೆವಿಲ್ ಬೇಕು.’

‘ನೆವಿಲ್ ಹತ್ರ ಮುಕ್ಕಾಲಿ ಇದೆಯಲ್ಲ.’

‘ಓಹೋ, ಈಗ ನಾನೂ ಕಳ್ಳನಾ!’ ನೆವಿಲ್ ಎದ್ದೇ ನಿಂತ. ‘ಎಂಜಿನ್ ಎತ್ತೋ ಮುಕ್ಕಾಲಿ ಅದು. ಈ ಹಾಲ್ ಹಿಂದಿನ ಶೆಡ್ಡಲ್ಲೇ ಬಿದ್ದಿರುತ್ತೆ. ಬೀಗದ ಕೈ ಯಾವ ಮೊಳೆಗೆ ನೇತಾಡುತ್ತೆ ಅಂತ ನಾಲ್ಕೂ ಜನಕ್ಕೆ ಗೊತ್ತು.’

‘ಸಾಕು, ಕೂತ್ಕೋ ಮಾರಾಯ,’ ಎಂದಳು ಹೆಸ್ಟರ್.

ಹೊರಗೆ ಬಂದ ಮೇಲೆ ಐರಿಸ್ ಅವಳ ತೋಳು ಹಿಡಿದುಕೊಂಡರು. ‘ಅಜ್ಜ ಕುಡುಕ ಅನ್ನೋದನ್ನ ಕೇಳ್ಕೊಂಡೇ ಬೆಳೆದೆ ಕಣೇ. ಇನ್ಮೇಲೆ ಮೊಮ್ಮಗಳು ಕಳ್ಳಿ ಅಂತಾರೆ. ನಾನು ಹೋದ್ಮೇಲೆ ಇಲ್ಲ ಅಂತ ಹೇಳೋಕೂ ಯಾರೂ ಇರಲ್ಲ.’

‘ಭಾನುವಾರದ ತನಕ ಸಮಯ ಕೊಡಿ,’ ಎಂದಳು ಹೆಸ್ಟರ್.

* * *

ಮಾರ್ಟನ್ ಪೇಟೆಯಲ್ಲಿ ಹಳೇ ಕಾರು ಪಂದ್ಯದ ಸಾಮಾನು ಮಾರುವವನೊಬ್ಬನಿದ್ದ. ಕಲ್ಲು ಮಾರಲು ಯಾರಾದರೂ ಬಂದಿದ್ದರೇ ಎಂದು ಹೆಸ್ಟರ್ ಕೇಳಿದ್ದಕ್ಕೆ ಅವನು ನಕ್ಕುಬಿಟ್ಟ.

‘ಹಿತ್ತಾಳೆ ದೀಪ ತನ್ನಿ, ಹಾರ್ನ್ ತನ್ನಿ, ಕಣ್ಮುಚ್ಚಿ ತಗೋತೀನಿ. ಕಲ್ಲು ಯಾರಿಗ್ರೀ ಬೇಕು? ಅದೂ ಅಲ್ದೆ, ಕದ್ಮೇಲೆ ಹುಲ್ಲು ಹಾಸಿ ಹೋಗೋ ಕಳ್ಳನ್ನ ಎಲ್ಲಾದ್ರೂ ಕಂಡಿದೀರಾ?’

ಅದೇ ಮಾತು ಹೆಸ್ಟರ್‌ಳ ತಲೆಯಲ್ಲೂ ಕೊರೆಯುತ್ತಿತ್ತು. ಹುಲ್ಲನ್ನು ಚೌಕವಾಗಿ ಕತ್ತರಿಸುವುದು, ಮಣ್ಣನ್ನು ಹಾಳೆಯ ಮೇಲೆ ಸುರಿಯುವುದು, ಕೊನೆಗೆ ಎಲ್ಲವನ್ನೂ ಇದ್ದ ಹಾಗೇ ಮುಚ್ಚುವುದು. ಇದು ಕಳ್ಳರ ಕೆಲಸವಲ್ಲ. ಹಳೇ ಕಾಲವನ್ನು ಅಗೆದು ನೋಡುವವರ ಕೆಲಸ. ಸಂಘದವರ ಕೆಲಸ.

ಶನಿವಾರ ಬೆಳಿಗ್ಗೆ ಕ್ರೇಕ್‌ನ ಅನುಮತಿ ಪಡೆದು ಅವಳು ಅದೇ ಜಾಗ ಅಗೆದಳು. ಕ್ರೇಕ್ ಕೂಡ ತೋಳು ಮಡಚಿ ಸಲಿಕೆ ಹಿಡಿದ.

ಮೆತ್ತನೆ ಮಣ್ಣು ಮೊಣಕಾಲುದ್ದಕ್ಕೇ ಮುಗಿಯಿತು. ಕೆಳಗೆ ಗಟ್ಟಿ ನೆಲ.

‘ಇಷ್ಟೇನಾ?’ ಎಂದ ಕ್ರೇಕ್.

‘ನಂಗೂ ಅದೇ ಆಶ್ಚರ್ಯ. ಅಷ್ಟು ಎತ್ತರದ ಕಲ್ಲಿಗೆ ಸೊಂಟದುದ್ದ ಬುಡ ಇರ್ಬೇಕು. ಇದು ವಾಲಿದ್ರಲ್ಲಿ ತಪ್ಪೇನಿದೆ?’

ಗುಂಡಿಯ ಗೋಡೆಯಲ್ಲಿ ತುಕ್ಕು ಹಿಡಿದ ತಗಡೊಂದು ಅರ್ಧ ಹೂತುಕೊಂಡಿತ್ತು. ಹೆಸ್ಟರ್ ಅದನ್ನು ಕೆದರಿ ತೆಗೆದಳು. ದುಂಡನೆಯದು, ಸುತ್ತ ತೂತುಗಳು. ಅವಳಪ್ಪನ ಅಟ್ಟದಲ್ಲಿ ಇಂಥದ್ದೇ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಕ್ಕಳೂ ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದ ವಿಷಗಾಳಿ ಮುಖವಾಡದ ಡಬ್ಬಿ. ಕಲ್ಲು ಅಲ್ಲಾಡದಂತೆ ಬದಿಗೆ ತುರುಕಿದ್ದರು.

ಆಮೇಲೆ ತಳದಲ್ಲಿ ಏನೋ ಮಿನುಗಿತು. ಒಂದು ಪೆನ್ನಿ ನಾಣ್ಯ. ಹೊಚ್ಚ ಹೊಸದು. ಇದೇ ವರ್ಷದ ಇಸವಿ.

‘ಯಾರೋ ಬೀಳ್ಸಿದಾರೆ,’ ಎಂದ ಕ್ರೇಕ್.

‘ಬೀಳ್ಸಿದ್ದಲ್ಲ. ಇಟ್ಟಿದ್ದು.’ ಹೆಸ್ಟರ್ ಅಲ್ಲೇ ಕೂತುಬಿಟ್ಟಳು. ಅವಳಿಗೆ ಖುಷಿಯಾಗಲಿಲ್ಲ.

* * *

ಮಧ್ಯಾಹ್ನ ಅವಳು ಐರಿಸ್‌ರನ್ನೂ ನೆವಿಲ್‌ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಬೆಟ್ಟದ ಹಿಂಬದಿಗೆ ಹೊರಟಳು.

‘ಐರಿಸ್, ನಿಮ್ಮಜ್ಜಿ ಆಕ್ಸಿಡೆಂಟ್ ಎಲ್ಲಾಯ್ತು ಅಂತಿದ್ರು?’

‘ಮೊಣಕೈಯಲ್ಲಿ ಅಂತಿದ್ರು. ಹಳೇ ರಸ್ತೆ ತಿರುವಿಗೆ ಆಗ ಅದೇ ಹೆಸ್ರು. ಕಾರು ಜಾರಿದ್ರೆ ತಡೆಯೋಕೆ ಅಲ್ಲಿ ಹುಲ್ಲಿನ ಮೂಟೆ ಇಡ್ಸಿ ಅಂತ ಅಜ್ಜ ಕೇಳ್ಕೊಂಡಿದ್ರಂತೆ. ಅತಿಥಿಗಳಿಗೆ ಕಾರು ಕಾಣ್ಸಲ್ಲ ಅಂತ ಯಜಮಾನ ಬೇಡ ಅಂದ್ನಂತೆ. ನಾನು ಹೇಳಿದ್ರೆ ಯಾರು ನಂಬ್ತಾರೆ? ಕಲ್ಲು ನೋಡಿದ್ರೆ ನೇರ ದಾರೀಲಿದೆ.’

ಹಳೇ ರಸ್ತೆಯಲ್ಲಿ ಈಗ ಕುರಿಗಳಷ್ಟೇ ಓಡಾಡುತ್ತವೆ. ಕಡಿದಾದ ಏರು, ಮೇಲೆ ಹೋಗುತ್ತ ಒಮ್ಮೆಲೇ ತಿರುವು, ಆಚೆಗೆ ಪ್ರಪಾತ. ನೆವಿಲ್ ಇಣುಕಿ ನೋಡಿ ಶಿಳ್ಳೆ ಹಾಕಿದ.

‘ಆಗಿನ ಬ್ರೇಕಲ್ಲಿ ಇಲ್ಲಾ? ದೇವ್ರೇ, ಕುಡೀದೇ ಇದ್ರೂ ಸಾಯ್ತಾರೆ.’

ತಿರುವಿನ ಒಳಮೈಯಲ್ಲಿ ಆಳೆತ್ತರ ತುರಿಕೆ ಗಿಡ. ಹೆಸ್ಟರ್ ಕಬ್ಬಿಣದ ಸರಳು ಹಿಡಿದು ಚುಚ್ಚುತ್ತ ಹೋದಳು. ಮಣ್ಣು, ಮಣ್ಣು, ಬೇರು, ಮಣ್ಣು. ಆಮೇಲೆ ಟಣ್ ಎಂದಿತು.

ನೆವಿಲ್ ಸಲಿಕೆ ತರಲು ಕಾರಿನತ್ತ ಓಡಿದ.

* * *

ಭಾನುವಾರ ಊರೆಲ್ಲ ಬಂದಿತ್ತು. ಕಲ್ಲಿಲ್ಲದ ಸಮಾರಂಭ ನೋಡುವ ಕುತೂಹಲ ಒಂದು ಕಡೆ, ಕ್ರೇಕ್‌ನ ಬಿಟ್ಟಿ ಟೀ ಇನ್ನೊಂದು ಕಡೆ. ಹೆಸ್ಟರ್ ಎಲ್ಲರೆದುರು ಆಬ್ರಿಯವರ ಅಂಗೈಯಲ್ಲಿ ಪೆನ್ನಿ ಇಟ್ಟಳು.

‘ಇದು ನಿಮ್ಮದು.’

ಆಬ್ರಿ ಅದನ್ನು ನೋಡಿದರು.

‘ಗುಂಡಿ ಮುಚ್ಚೋ ಮುಂಚೆ ತಳದಲ್ಲಿ ಆ ವರ್ಷದ ನಾಣ್ಯ ಇಡಿ ಅಂತ ನಮಗೆ ಹೇಳಿಕೊಟ್ಟಿದ್ದೇ ನೀವು. ಮುಂದೆ ಅಗಿಯೋನು ಮೋಸ ಹೋಗ್ಬಾರ್ದು, ಇದನ್ನ ಯಾವಾಗ ಕೆದಕಿದಾರೆ ಅಂತ ಅವನಿಗೆ ತಿಳೀಬೇಕು ಅಂತ.’

‘ಅದನ್ನ ಸಂಘದ ಯಾರು ಬೇಕಾದ್ರೂ ಇಡಬಹುದು,’ ಎಂದರು ಆಬ್ರಿ.

‘ಮಣ್ಣಿನ ಹುಳಕ್ಕೆ ನಾನು ದಕ್ಷಿಣೆ ಕೊಡಲ್ಲ ಅಂತ ನೆವಿಲ್ ಯಾವತ್ತೂ ನಾಣ್ಯ ಇಟ್ಟೋನಲ್ಲ. ಅದಕ್ಕೆ ನಿಮ್ಮಿಂದ ಬೈಸ್ಕೊಳ್ತಾನೇ ಇರ್ತಾನೆ. ಐರಿಸ್ ಅಗಿಯಲ್ಲ. ನಾನು ಕದ್ದಿಲ್ಲ. ಕ್ರೇಕ್ ಅವ್ರಿಗಂತೂ ಈ ಪದ್ಧತಿನೇ ಗೊತ್ತಿಲ್ಲ, ನಾಣ್ಯ ಯಾರದೋ ಜೇಬಿಂದ ಬಿತ್ತು ಅಂದ್ಕೊಂಡ್ರು.’

ಜನ ಗುಸುಗುಸು ಎನ್ನತೊಡಗಿದರು. ‘ಅಲ್ಲ, ಮೇಷ್ಟ್ರು ಯಾಕಮ್ಮಾ ಕದೀತಾರೆ?’ ಎಂದು ಯಾರೋ ಕೂಗಿದರು.

‘ಕಲ್ಲಿನ ಬುಡ ಯಾರೂ ನೋಡ್ಬಾರ್ದಿತ್ತು, ಅದಕ್ಕೆ.’ ಹೆಸ್ಟರ್ ತುಕ್ಕು ಡಬ್ಬಿ ಎತ್ತಿ ತೋರಿಸಿದಳು. ‘1940ರಲ್ಲಿ ಜರ್ಮನ್ನರು ಇಳಿದ್ರೆ ದಾರಿ ಸಿಗಬಾರ್ದು ಅಂತ ಮೈಲಿಗಲ್ಲನ್ನೆಲ್ಲ ಕಿತ್ತು ಹಾಕಿದ್ರು, ಅಲ್ವಾ? ಇದನ್ನೂ ಕಿತ್ರು. ಅವಸರದಲ್ಲಿ ಮುರೀತು, ಬುಡ ನೆಲದಲ್ಲೇ ಉಳೀತು. ಯುದ್ಧ ಮುಗಿದ್ಮೇಲೆ ಯಾರೋ ತಂದು ಕೈಗೆ ಸಿಕ್ಕಿದ ದಾರೀಲಿ ನೆಟ್ರು. ಈ ಡಬ್ಬಿ ತುರುಕಿ ನಿಲ್ಸಿದ್ರು. ತಪ್ಪು ದಾರಿ! ನಿನ್ನೆ ಕ್ರೇನ್ ಎತ್ತಿದ್ರೆ ಮುರಿದ ಬುಡ ಎಲ್ರ ಕಣ್ಣಿಗೂ ಬೀಳ್ತಿತ್ತು. ಉಳಿದ ತುಂಡೆಲ್ಲಿ ಅಂತ ಯಾರಾದ್ರೂ ಕೇಳೇ ಕೇಳ್ತಿದ್ರು.’

‘ಎಲ್ಲಿದೆ?’ ಎಂದ ಕ್ರೇಕ್. ಉತ್ತರವನ್ನು ಹೆಸ್ಟರ್ ಮೊದಲೇ ಹೇಳಿದ್ದರೂ ತಡೆಯಲಾಗಲಿಲ್ಲ ಅವನಿಗೆ.

‘ಮೊಣಕೈ ತಿರುವಲ್ಲಿ. ನಿನ್ನೆ ಸಿಕ್ತು. ಜೆಮ್ ಮ್ಯಾಡಕ್ ಸತ್ತಿದ್ದು ಅಲ್ಲಿ, ಈ ನೇರ ದಾರೀಲಿ ಅಲ್ಲ. ಮೂಟೆ ಇಡ್ಸಿ ಅಂತ ಕೇಳ್ಕೊಂಡ ಜಾಗದಲ್ಲೇ ಸತ್ತ. ಆಬ್ರಿ, ಕಲ್ಲೆಲ್ಲಿ?’

ಆಬ್ರಿ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

‘ನಮ್ಮ ಗ್ಯಾರೇಜಲ್ಲಿ. ನೆವಿಲ್ ಮುಕ್ಕಾಲಿಯಿಂದ ಎತ್ತಿ ಟ್ರೇಲರಲ್ಲಿ ತಂದೆ. ಕಂಬಳಿ ಹೊದಿಸಿದೀನಿ. ಎಷ್ಟು ವಾಲಿದೆ ನೋಡೋಣ ಅಂತ ಹೋದ ವಾರ ಸರಳು ಚುಚ್ಚಿದೆ. ಬುಡವೇ ಇಲ್ಲ ಅಂತ ಗೊತ್ತಾಯ್ತು. ಎಲ್ಲಿಂದ ಬಂದಿರ್ಬೇಕು ಅಂತ ಆವತ್ತು ರಾತ್ರಿಯೇ ಹೊಳೀತು.’ ಅವರು ಕನ್ನಡಕ ಮತ್ತೆ ಹಾಕಿಕೊಂಡರು. ‘ನಮ್ಮಜ್ಜ ಅಷ್ಟು ಕೆಟ್ಟೋರು ಅಂತ ಒಪ್ಕೊಳ್ಳೋಕೆ ಆಗ್ಲಿಲ್ಲ.’

‘ನನ್ನಜ್ಜನ ವಿಷಯ ಒಪ್ಕೊಳ್ಳೋಕೆ ಆಯ್ತಲ್ಲ,’ ಎಂದರು ಐರಿಸ್.

ಆಬ್ರಿ ಪೆನ್ನಿಯನ್ನು ಅಂಗೈಯಲ್ಲಿ ತಿರುಗಿಸಿದರು.

‘ಒಂದು ಹೇಳಿ,’ ಹೆಸ್ಟರ್ ಕೇಳಿದಳು. ‘ಅಷ್ಟೆಲ್ಲ ಹುಷಾರಾಗಿ ಮಾಡಿ, ನಾಣ್ಯ ಯಾಕಿಟ್ರಿ?’

‘ಇಡದೆ ಮುಚ್ಚೋಕೆ ಕೈಯೇ ಬರ್ಲಿಲ್ಲ.’

‘ಊರಿಗೆಲ್ಲ ಸುಳ್ಳು ಹೇಳಿದ್ರಿ. ಮಣ್ಣಿಗೆ ಹೇಳೋಕಾಗ್ಲಿಲ್ಲ.’

ಪೊಲೀಸರಿಗೆ ದೂರು ಕೊಡಲೇ ಎಂದು ಕ್ರೇಕ್ ಐರಿಸ್‌ರನ್ನೇ ಕೇಳಿದ. ಅವರು ಅಡ್ಡಡ್ಡ ತಲೆಯಾಡಿಸಿದರು.

‘ಬೇಡ. ಆದ್ರೆ ಹೊಸ ಫಲಕ ಆಗ್ಬೇಕು. ಅದನ್ನ ಆಬ್ರಿಯೇ ಬರೀಬೇಕು. ತಮ್ಮ ಹೆಸರು ಹಾಕಿ.’

* * *

ಮುಂದಿನ ಶನಿವಾರ ನೆವಿಲ್‌ನ ಮುಕ್ಕಾಲಿ ಮೊಣಕೈ ತಿರುವಿಗೆ ಬಂತು. ತುರಿಕೆ ಗಿಡ ಸವರಿ, ಮೊಂಡು ಬುಡದ ಸುತ್ತ ಅಗೆದು, ಕಲ್ಲನ್ನು ರಾಟೆಯಿಂದ ಮೆಲ್ಲಗೆ ಇಳಿಸಿದರು. ಆಬ್ರಿಯೇ ಹಗ್ಗ ಹಿಡಿದಿದ್ದರು. ಮುರಿದ ಬಾಯಿಗೆ ಮುರಿದ ಬಾಯಿ ಕೂತಿತು. ನಡುವೆ ಬೆರಳಿನ ಉಗುರೂ ತೂರುತ್ತಿರಲಿಲ್ಲ.

ಐರಿಸ್ ಬಗ್ಗಿ ಆ ಬಿರುಕನ್ನು ಮುಟ್ಟಿ ನೋಡಿದರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

‘ಮಣ್ಣು ಎಳೀಲಾ?’ ಎಂದ ನೆವಿಲ್.

‘ತಾಳು,’ ಎಂದರು ಐರಿಸ್.

ಆಬ್ರಿ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ್ದರು. ಎಲ್ಲರೂ ನೋಡುತ್ತಿರುವುದು ಕಂಡು ಕೈ ಅಲ್ಲೇ ನಿಂತಿತು. ಐರಿಸ್ ತಮ್ಮ ಪರ್ಸ್ ತೆರೆದು, ಹುಡುಕಿ, ಹೊಸ ಪೆನ್ನಿಯೊಂದನ್ನು ತೆಗೆದರು.

‘ಈ ಸಲ ನಾನಿಡ್ತೀನಿ,’ ಎಂದು ಅದನ್ನು ಅಜ್ಜನ ಕಲ್ಲಿನ ಬುಡಕ್ಕೆ ಹಾಕಿದರು.