ಬರಿಗೈಯ ಗುರುತು

“ಏನೂ ಕಳವಾಗಿಲ್ಲ ಅಂತೀರಿ, ಬೀಗ ಒಡೆದಿಲ್ಲ ಅಂತೀರಿ. ಮತ್ತೆ ದೂರು ಯಾತಕ್ಕಮ್ಮ?” ಕಾನ್‌ಸ್ಟೇಬಲ್ ಕುವಾಂಗ್ ಬಿಸಿನೀರಿನ ಲೋಟದ ಮುಚ್ಚಳ ತಿರುಗಿಸುತ್ತ ಕೇಳಿದ.

“ಕೆಡಿಸಿದ್ದಾರೆ ಸಾರ್. ನಲವತ್ತು ಟ್ಯೂಬು,” ಎಂದಳು ಮಿಯಾವ್.

ಮಾರ್ಚ್ ಹನ್ನೊಂದರ ಬೆಳಿಗ್ಗೆ ದಾಲಿಯನ್ ಬಂದರಿನ ಠಾಣೆಗೆ ಬಂದ ಈ ದೂರನ್ನು ಇನ್ಸ್‌ಪೆಕ್ಟರ್ ಗುವಾನ್ ತಾವೇ ಬರೆದುಕೊಂಡರು. ಮಿಯಾವ್ ಕ್ಯಾನ್ಸರ್ ಪ್ರಯೋಗಾಲಯದ ಸಂಶೋಧಕಿ. ಹೊಟ್ಟೆಯ ಗಡ್ಡೆಗೆ ಕಡಿವಾಣ ಹಾಕುವ ಒಂದು ಮೈಕ್ರೋಆರ್‌ಎನ್‌ಎಯನ್ನು, ಅಂದರೆ ಜೀವಕೋಶದೊಳಗಿನ ಒಂದು ಪುಟ್ಟ ಆರ್‌ಎನ್‌ಎ ಎಳೆಯನ್ನು, ಆಕೆ ಗುರುತಿಸಿದ್ದಳು. ಅದು ಕಡಿಮೆಯಾದ ಕಡೆ ಗಡ್ಡೆ ಲಂಗುಲಗಾಮಿಲ್ಲದೆ ಬೆಳೆಯುತ್ತದೆ. ಆಧಾರವೆಲ್ಲ ಆ ಟ್ಯೂಬುಗಳಲ್ಲಿ, ಬಂದರಿನ ಮೀನುಗಾರ ರೋಗಿಗಳ ಗಡ್ಡೆಯಿಂದ ತೆಗೆದ ಆರ್‌ಎನ್‌ಎಯಲ್ಲಿತ್ತು. ಗಡ್ಡೆ ಕೊಟ್ಟ ಮೀನುಗಾರರಲ್ಲಿ ಹೆಚ್ಚಿನವರು ಈಗಿಲ್ಲ, ಮತ್ತೆ ಕೇಳುವಂತಿಲ್ಲ.

ಎಫ್‌ಐಆರ್ ಆಯಿತು. ಪ್ರಯೋಗಾಲಯದಲ್ಲಿ ಪಂಚನಾಮೆ ನಡೆಯಿತು. ಟ್ಯೂಬಿನ ಮುಚ್ಚಳಗಳ ತುಂಬ ಬೆರಳಚ್ಚು.

“ಇಲ್ಲಿ ಎಲ್ಲರೂ ಕೈಗವಸು ಹಾಕ್ತೀರಲ್ಲ?” ಗುವಾನ್ ಮಿಯಾವ್‌ಳನ್ನು ಕೇಳಿದರು.

“ಹಾಕ್ಲೇಬೇಕು ಸಾರ್. ಚರ್ಮ ತಾಗಿದ್ರೆ, ಬೆವರು ತಾಗಿದ್ರೆ, ಆರ್‌ಎನ್‌ಎ ಚೂರುಚೂರು.”

“ಕುವಾಂಗ್, ಕೈಗವಸು ಹಾಕ್ಕೊಂಡು ಬರೋ ಕಳ್ಳರನ್ನ ಬೇಕಾದಷ್ಟು ನೋಡಿದ್ದೀವಿ. ಇಲ್ಲಿ ಯಾರೋ ಕಳಚಿಟ್ಟು ಬಂದಿದಾರೆ.”

“ಪೆದ್ದು ಮುಂಡೇದು ಇರ್ಬೇಕು ಸಾರ್.”

“ಪೆದ್ದಲ್ಲ. ಇಲ್ಲಿ ಬೆರಳೇ ಚಾಕು.”

ಅಂದಮೇಲೆ ವಿಷಯ ಬಲ್ಲ ಒಳಗಿನವರದೇ ಕೆಲಸ. ಎಲ್ಲರ ಬೆರಳಚ್ಚು ತೆಗೆದುಕೊಂಡರು. ಹೊಂದಿದ್ದು ಯಿನ್‌ಳದು. ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರರ ಶಿಷ್ಯರಲ್ಲಿ ಹಿರಿಯಳು, ಮಿಯಾವ್ ಬಾಯ್ತುಂಬ ಅಕ್ಕ ಎನ್ನುತ್ತಿದ್ದವಳು. ಮಿಯಾವ್‌ಗೆ ಮೊದಲ ದಿನ ಕೈಗವಸು ತೊಡಲು ಕಲಿಸಿದವಳೂ ಅವಳೇ.

“ಯಾಕಮ್ಮ ಹೀಗೆ ಮಾಡಿದ್ರಿ?” ಠಾಣೆಯಲ್ಲಿ ಗುವಾನ್ ಯಿನ್‌ಳನ್ನು ಕೇಳಿದರು.

“ಹೊಸ ವರ್ಷದ ಊಟಕ್ಕೆ ಮೀನು ತಂದಿಟ್ರು ಸಾರ್. ಅದರ ತಲೆ ದೊಡ್ಡವರ ಕಡೆ ಇರ್ಬೇಕಲ್ಲ. ಎಂಟು ವರ್ಷ ಮೇಷ್ಟ್ರ ಕಡೆ ತಿರುಗಿಸಿಟ್ಟೋಳು ನಾನು. ಈ ಸಲ ಮೇಷ್ಟ್ರೇ ತಟ್ಟೆ ತಿರುಗಿಸಿದ್ರು.”

“ನಿಮ್ಮ ಕಡೆ?”

“ಮಿಯಾವ್ ಕಡೆ. ನನಗೆ ಮಾತ್ರ ‘ಯಿನ್, ಸಾರು ಬಡಿಸಮ್ಮ’ ಅಂದ್ರು.”

ಕುವಾಂಗ್‌ನ ಪೆನ್ನು ನಿಂತಿತು. “ಬಡಿಸಿದ್ರಾ?”

“ಬಡಿಸ್ದೆ. ಅವಳಿಗೇ ಮೊದಲು.”

ಅಂದು ಸಂಜೆ ಬಂಧನವಾಯಿತು. ಹೇಳಿಕೆಯ ಕೆಳಗೆ ಯಿನ್ ಸಹಿ ಹಾಕಿ, ಅಲ್ಲಿನ ರೂಢಿಯಂತೆ ಕೆಂಪು ಶಾಯಿಯಲ್ಲಿ ಹೆಬ್ಬೆಟ್ಟನ್ನೂ ಒತ್ತಿದಳು. ಆಮೇಲೆ ಕೋಟಿನ ಕಿಸೆಯಿಂದ ಒಂದು ಬೀಗದಕೈ ತೆಗೆದು ಮೇಜಿನ ಮೇಲಿಟ್ಟಳು.

“ನನ್ನ ಬೀರುವಿನಲ್ಲಿ ಅದೇ ರೋಗಿಗಳ ಗಡ್ಡೆಯ ತುಣುಕು ಮೇಣದಲ್ಲಿ ಹಾಕಿಟ್ಟಿದ್ದೀನಿ. ಉದ್ದನೆ ಆರ್‌ಎನ್‌ಎ ಆಗಿದ್ರೆ ಇಷ್ಟೊತ್ತಿಗೆ ಮುರಿದು ಹೋಗಿರ್ತಿತ್ತು. ಅವಳ ಮೈಕ್ರೋಆರ್‌ಎನ್‌ಎ ಪುಟ್ಟದು, ಮೇಣದಲ್ಲೂ ಉಳಿಯುತ್ತೆ, ಮತ್ತೆ ತೆಗೀಬಹುದು. ಅವಳಿಗೆ ಕೊಡಿ.”

“ಇದನ್ನ ಅವಳಿಗೆ ಮೊದ್ಲೇ ಹೇಳ್ಬಹುದಿತ್ತಲ್ಲಮ್ಮ?”

“ಯಾರೂ ನನ್ನ ಕೇಳ್ಲಿಲ್ಲ ಸಾರ್.”

ಹೊರಗೆ ಬೆಂಚಿನ ಮೇಲೆ ಮಿಯಾವ್ ಕಾಯುತ್ತಿದ್ದಳು. ಗುವಾನ್ ವಿಷಯ ತಿಳಿಸಿ ಬೀಗದಕೈ ಚಾಚಿದರು. ಅದರ ಮೇಲೆ ಹೆಬ್ಬೆರಳಿನ ಕೆಂಪು ಇನ್ನೂ ಹಸಿಯಾಗಿತ್ತು. ಮಿಯಾವ್ ಅಭ್ಯಾಸಬಲದಿಂದ ಕಿಸೆಯಿಂದ ಕೈಗವಸು ತೆಗೆದಳು. ಒಂದು ಕ್ಷಣ ಆ ಕೆಂಪನ್ನೇ ನೋಡಿದಳು. ಕೈಗವಸನ್ನು ಮತ್ತೆ ಕಿಸೆಗೆ ತುರುಕಿ, ಬೀಗದಕೈಯನ್ನು ಬರಿಗೈಯಲ್ಲೇ ತೆಗೆದುಕೊಂಡಳು.